ಮಂಕರಿ, ಸಲಿಕೆ, ಬಂದೂಕು: ಅಕ್ರಂ ಹೌರಾನಿಯ ರಾಜಕಾರಣ

ಸಿರಿಯಾ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ಅಸಾದ್ ಮನೆತನ ನೆನಪಾಗುತ್ತದೆ. ಸ್ವಲ್ಪ ಹಿಂದಕ್ಕೆ ಹೋದವರಿಗೆ ಈಜಿಪ್ಟಿನ ನಾಸರ್ ಜೊತೆ ಆದ ಒಕ್ಕೂಟ ಗೊತ್ತಿರುತ್ತದೆ. ಇವೆರಡಕ್ಕೂ ಹಿಂದೆ, ಇವೆರಡಕ್ಕೂ ದಾರಿ ಮಾಡಿಕೊಟ್ಟ ಒಬ್ಬ ವಕೀಲನಿದ್ದ. ಹೆಸರು ಅಕ್ರಂ ಹೌರಾನಿ, ಊರು ಹಮಾ. ಸಂಸದ, ಕೃಷಿ ಮಂತ್ರಿ, ರಕ್ಷಣಾ ಮಂತ್ರಿ, ಸಂಸತ್ತಿನ ಸಭಾಪತಿ, ಒಕ್ಕೂಟದ ಉಪಾಧ್ಯಕ್ಷ, ಹೀಗೆ ಎಲ್ಲ ಕುರ್ಚಿಯಲ್ಲೂ ಕೂತು ಕೊನೆಗೆ ಪರದೇಶದಲ್ಲಿ ತೀರಿಕೊಂಡ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಧಣಿಗಳ ಹಿಡಿತ ಬರೀ ಮತಪೆಟ್ಟಿಗೆಯಿಂದ ಸಡಿಲವಾಗುವುದಿಲ್ಲ ಎಂದು ಹೌರಾನಿ ಬೇಗ ಕಂಡುಕೊಂಡ, ಸೈನ್ಯದ ಬ್ಯಾರಕ್ಕಿನಲ್ಲಿ ಗೆಳೆಯರನ್ನು ಬೆಳೆಸಿದ. ಭೂಸುಧಾರಣೆ ಬಂದದ್ದೂ ಅದರಿಂದಲೇ, ಅವನು ದೇಶ ಕಳೆದುಕೊಂಡದ್ದೂ ಅದರಿಂದಲೇ.

ಮೊದಲು ಹಮಾದ ಹಳ್ಳಿಗೆ ಹೋಗೋಣ. ಅದು ಅರ್ಥವಾಗದೆ ಈ ಮನುಷ್ಯ ಅರ್ಥವಾಗುವುದಿಲ್ಲ. ಓರಾಂಟೆಸ್ ನದಿ ಊರಿನ ನಡುವೆ ಹರಿಯುತ್ತದೆ. ದೊಡ್ಡ ದೊಡ್ಡ ಮರದ ನೀರೆತ್ತುವ ಚಕ್ರಗಳಿವೆ, ಅತಿ ದೊಡ್ಡದರ ಅಡ್ಡಳತೆ ಸುಮಾರು 20 ಮೀಟರ್. ಫೋಟೋಗಳಲ್ಲಿ ನೀವು ನೋಡಿರುತ್ತೀರಿ. ಆದರೆ ಆ ನೀರು ಹೋಗುತ್ತಿದ್ದದ್ದು ಊರಿನ ಮನೆಗಳಿಗೆ, ಸ್ನಾನಗೃಹಗಳಿಗೆ, ನದಿಯಂಚಿನ ತೋಟಗಳಿಗೆ. ಸುತ್ತಲಿನ ಬಯಲ ಹಳ್ಳಿಗಳದ್ದೆಲ್ಲ ಖುಷ್ಕಿ. ಮಳೆ ಬಂದರೆ ಗೋಧಿ, ಬಾರ್ಲಿ, ಬಾರದಿದ್ದರೆ ಸಾಲ. ಆ ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಬಹುಪಾಲು ನಾಲ್ಕೇ ಮನೆತನಗಳ ಕೈಯಲ್ಲಿದ್ದವು: ಅಝ್ಮ್, ಬರಾಝಿ, ಕೈಲಾನಿ, ತೈಫೂರ್. ಹೊಲ ಮಾತ್ರ ಅಂದುಕೊಳ್ಳಬೇಡಿ, ಇಡೀ ಹಳ್ಳಿ, ಒಕ್ಕಲಿನವನು ಮಲಗುವ ಮಣ್ಣಿನ ಮನೆ ಸಮೇತ.

ಉಳುವವನನ್ನು ಅಲ್ಲಿ 'ಮುರಾಬಿ' ಎನ್ನುತ್ತಿದ್ದರು, ಕಾಲು ಪಾಲಿನವನು. ಭೂಮಿ ಧಣಿಯದು, ಬೀಜ ಧಣಿಯದು, ಎತ್ತೂ ಧಣಿಯದೇ. ಮೈ ಮಾತ್ರ ಇವನದು. ಲೆಕ್ಕಕ್ಕೆ ಕಣದಲ್ಲಿ 100 ಚೀಲ ರಾಶಿ ಬಿತ್ತು ಎಂದಿಟ್ಟುಕೊಳ್ಳಿ. 75 ಧಣಿಯ ಕಣಜಕ್ಕೆ, 25 ಇವನಿಗೆ. ಆ 25ರಲ್ಲಿ ಚಳಿಗಾಲಕ್ಕೆ ತಿನ್ನಲು ತಂದ ಮುಂಗಡ ಕಾಳು ಮುರಿದುಕೊಳ್ಳುತ್ತಾರೆ, ಊರಿನ ಕಾವಲುಗಾರ, ಕ್ಷೌರಿಕ ಮುಂತಾದವರ ಆಯ ಹೋಗುತ್ತದೆ. ಮಿಕ್ಕದ್ದು ಮುಂದಿನ ಸುಗ್ಗಿಯವರೆಗೆ ಬರುವುದಿಲ್ಲ, ಮತ್ತೆ ಮುಂಗಡ. ರಾಶಿ ಅಳೆಯುವವನು ಧಣಿಯ ಮೇಸ್ತ್ರಿ, ಸಾಲದ ಪುಸ್ತಕವೂ ಅವನ ಹತ್ತಿರವೇ. ಕಾಗದಪತ್ರ ಏನೂ ಇಲ್ಲ. ಆದ್ದರಿಂದ ಯಾವ ದಿನ ಬೇಕಾದರೂ ಒಕ್ಕಲೆಬ್ಬಿಸಬಹುದು. ಸಿಟ್ಟು ಬಂದರೆ ಸಾಕು, ಕಾರಣ ಬೇಕಿಲ್ಲ.

ಇಂಥ ಹಳ್ಳಿಯಲ್ಲಿ ಚುನಾವಣೆ ಹೇಗೆ ನಡೆಯುತ್ತಿತ್ತು ನೋಡಿ. 1943ರವರೆಗೆ ಎರಡು ಹಂತದ ಮತದಾನ. ಜನ ಮೊದಲು ಪ್ರತಿನಿಧಿಗಳನ್ನು ಆರಿಸಬೇಕು, ಆ ಪ್ರತಿನಿಧಿಗಳು ಸಂಸದನನ್ನು ಆರಿಸುತ್ತಾರೆ. ಹತ್ತಾರು ಸಾವಿರ ಮತದಾರರನ್ನು ಹೆದರಿಸುವುದು ಕಷ್ಟ. ಕೆಲವು ಪ್ರತಿನಿಧಿಗಳನ್ನು ಊಟಕ್ಕೆ ಕರೆದು ಮಾತಾಡಿಸುವುದಕ್ಕೆ ಏನು ಕಷ್ಟ? ನೇರ ಮತದಾನ ಬಂದದ್ದು 1947ರಲ್ಲಿ. ಆಮೇಲೂ ಧಣಿಯ ಆಳು ಮತಗಟ್ಟೆಯ ಬಾಗಿಲಲ್ಲಿ ನಿಂತು ಚೀಟಿ ನೋಡುವಂತಿದ್ದರೆ ನೇರವೋ ಅಡ್ಡವೋ, ಫಲಿತಾಂಶ ಒಂದೇ. ಹೌರಾನಿ ಜೀವನವಿಡೀ ಗುಪ್ತ ಮತದಾನಕ್ಕೆ ಯಾಕೆ ಅಷ್ಟು ಹಟ ಹಿಡಿದ ಎಂಬುದಕ್ಕೆ ಉತ್ತರ ಇಲ್ಲಿದೆ. ಒಕ್ಕಲಿನವನಿಗೆ ಪರದೆಯ ಹಿಂದೆ ಸಿಗುವ ಅರ್ಧ ನಿಮಿಷವೇ ಧಣಿಯ ಕಣ್ಣು ತಪ್ಪಿ ಸಿಗುವ ಏಕೈಕ ಅರ್ಧ ನಿಮಿಷ.

ಇನ್ನು ಆತನ ಹುಡುಗಾಟದ ವರ್ಷಗಳನ್ನು ಬೇಗ ಮುಗಿಸುತ್ತೇನೆ. ಬೈರೂತಿನಲ್ಲಿ ವೈದ್ಯಕೀಯಕ್ಕೆ ಸೇರಿದ. ಮಾಜಿ ರಾಷ್ಟ್ರಮುಖ್ಯಸ್ಥ ಸುಬ್ಹಿ ಬರಕಾತ್ ಮೇಲಿನ ಹತ್ಯಾಪ್ರಯತ್ನದಲ್ಲಿ ಹೆಸರು ಬಂದದ್ದರಿಂದ ಓದು ನಿಂತಿತು. ದಮಾಸ್ಕಸ್ಸಿಗೆ ಬಂದು ಕಾನೂನು ಓದಿದ, ಸ್ವಲ್ಪ ಕಾಲ ಆಂಟುನ್ ಸಾದೆಯ ಸಿರಿಯನ್ ರಾಷ್ಟ್ರೀಯವಾದಿ ಪಕ್ಷದಲ್ಲಿದ್ದ. 1938ರ ಹೊತ್ತಿಗೆ ಹಮಾಕ್ಕೆ ಮರಳಿ ವಕೀಲಿಕೆ ಶುರುಮಾಡಿದ, ಬಂಧು ಉಸ್ಮಾನ್ ಹೌರಾನಿ ಕಟ್ಟಿದ್ದ ಯುವಕರ ಪಕ್ಷವನ್ನು ಕೈಗೆ ತೆಗೆದುಕೊಂಡ. 1941ರಲ್ಲಿ ಬ್ರಿಟಿಷರ ವಿರುದ್ಧ ಇರಾಕಿನ ರಾಜಕಾರಣಿ ರಶೀದ್ ಅಲಿ ದಂಗೆ ಎದ್ದಾಗ ಒಂದು ಗುಂಪು ಕಟ್ಟಿಕೊಂಡು ಇರಾಕಿಗೆ ಹೋದ. 1943ರಲ್ಲಿ, ಅದೇ ಎರಡು ಹಂತದ ಚುನಾವಣೆಯಲ್ಲೇ, ಹಮಾದಿಂದ ಸಂಸದನಾದ. 1945ರ ಮೇನಲ್ಲಿ, ಆಗ ಸಿರಿಯಾ ಆಳುತ್ತಿದ್ದ ಫ್ರೆಂಚರ ವಿರುದ್ಧ ಹಮಾ ಎದ್ದು ನಿಂತಾಗ ಮುಂಚೂಣಿಯಲ್ಲಿದ್ದ. ಪಕ್ಕದಲ್ಲಿದ್ದವನು ಅದೇ ಊರಿನ ಅಧಿಕಾರಿ ಅದೀಬ್ ಶಿಶಕ್ಲಿ. ಈ ಹೆಸರು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಸೈನ್ಯದ ವಿಷಯಕ್ಕೆ ಬರೋಣ. ಫ್ರೆಂಚರ ಕಾಲದಲ್ಲಿ ಸಿರಿಯಾದ ಶ್ರೀಮಂತ ಮನೆತನಗಳಿಗೆ ಸೈನ್ಯ ಎಂದರೆ ತಾತ್ಸಾರ. ಪರಕೀಯನ ಚಾಕರಿ, ಬಡವರ ಹೊಟ್ಟೆಪಾಡು ಎಂಬ ಭಾವನೆ. ಸ್ವಾತಂತ್ರ್ಯ ಬಂದ ಮೇಲೂ ಆ ಮನೆಗಳ ಮಕ್ಕಳು ಕಾನೂನು ಓದಿದರು, ಯುರೋಪಿಗೆ ಹೋದರು. ಹೋಮ್ಸ್‌ನ ಸೈನಿಕ ಅಕಾಡೆಮಿ ಶುಲ್ಕ ಕೇಳುತ್ತಿರಲಿಲ್ಲ, ಊಟ ವಸತಿ ಅದರದ್ದೇ. ಪ್ರೌಢಶಾಲೆ ಮುಗಿಸಿ ಮುಂದೆ ಓದಲು ದುಡ್ಡಿಲ್ಲದ ಹಳ್ಳಿ ಹುಡುಗನಿಗೆ ತೆರೆದಿದ್ದ ಬಾಗಿಲು ಅದೊಂದೇ. ಹೌರಾನಿ ಹಮಾದ ಹುಡುಗರನ್ನು ಅಲ್ಲಿಗೆ ಹೋಗಿ ಎಂದು ಹುರಿದುಂಬಿಸಿದ. ಮುಸ್ತಫಾ ಹಮ್ದೂನ್, ಅಬ್ದುಲ್ ಘನಿ ಕನ್ನೂತ್ ಇಬ್ಬರೂ ಆ ಊರಿನವರೇ, ಅವನ ನೆರಳಲ್ಲಿ ಬೆಳೆದು ಅಧಿಕಾರಿಗಳಾದವರು. ಧಣಿಗಳು ತಮ್ಮ ಮಕ್ಕಳನ್ನು ಸೈನ್ಯಕ್ಕೆ ಕಳಿಸದೆ ಮಾಡಿದ ತಪ್ಪು ಅವರಿಗೆ ಗೊತ್ತಾದದ್ದು ಹತ್ತು ವರ್ಷ ತಡವಾಗಿ. ಇದೇ ಬಾಗಿಲಿನಿಂದ 1951ರ ಸುಮಾರಿಗೆ ಕರಾವಳಿ ಬೆಟ್ಟದ ಕರ್ದಾಹಾ ಹಳ್ಳಿಯ ಹುಡುಗನೊಬ್ಬನೂ ಒಳಗೆ ಬಂದ. ಅವನ ಹೆಸರು ಹಾಫಿಝ್ ಅಸಾದ್.

1949ರಲ್ಲಿ ಒಂದೇ ವರ್ಷಕ್ಕೆ ಮೂರು ಸೈನಿಕ ದಂಗೆ. ಮಾರ್ಚ್ 30ಕ್ಕೆ ಹುಸ್ನಿ ಝಾಯಿಮ್, ಆಗಸ್ಟ್ 14ಕ್ಕೆ ಸಾಮಿ ಹಿನ್ನಾವಿ, ಡಿಸೆಂಬರ್ 19ಕ್ಕೆ ನಮ್ಮ ಶಿಶಕ್ಲಿ. ಮೂರರ ಹತ್ತಿರವೂ ಹೌರಾನಿ ಇದ್ದಾನೆ. ಝಾಯಿಮ್‌ನ ಮೊದಲ ದಿನಗಳಲ್ಲಿ ಅವನ ಜೊತೆಗಿದ್ದ. ಝಾಯಿಮ್ ಹಮಾದ ಜಮೀನ್ದಾರ ಮನೆತನದ ಮುಹ್ಸಿನ್ ಬರಾಝಿಯನ್ನೇ ಪ್ರಧಾನಿ ಮಾಡಿದಾಗ ಆ ಸ್ನೇಹ ಉಳಿಯುವ ಹಾಗಿರಲಿಲ್ಲ. ಹಿನ್ನಾವಿಯ ದಂಗೆಯಲ್ಲಿ ಝಾಯಿಮ್, ಬರಾಝಿ ಇಬ್ಬರನ್ನೂ ಗುಂಡಿಟ್ಟು ಕೊಂದರು. ನಂತರದ ಸರ್ಕಾರದಲ್ಲಿ ಹೌರಾನಿ ಕೃಷಿ ಮಂತ್ರಿ. ಆ ಸರ್ಕಾರ ಬ್ರಿಟಿಷರ ಮಿತ್ರನಾದ ಇರಾಕಿನ ರಾಜಮನೆತನದ ಜೊತೆ ಒಕ್ಕೂಟಕ್ಕೆ ವಾಲಿತು. ಅದನ್ನು ತಡೆದದ್ದು ಶಿಶಕ್ಲಿಯ ದಂಗೆ, ಅದರ ಬೆನ್ನಲ್ಲೇ ಹೌರಾನಿ ರಕ್ಷಣಾ ಮಂತ್ರಿ.

ಕೆಲವರು ಇದನ್ನು ಅವಕಾಶವಾದ ಎನ್ನುತ್ತಾರೆ. ಪೂರ್ತಿ ಸುಳ್ಳೆನ್ನಲಾರೆ. ಆದರೆ ಸಂಸತ್ತಿನಲ್ಲಿ ಆತ ಏನು ಗಳಿಸಿದ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1950ರ ಸಂವಿಧಾನ ಬರೆಯುವಾಗ ಭೂಮಿಗೆ ಗರಿಷ್ಠ ಮಿತಿ ಇರಬೇಕೆಂದು ಹೋರಾಡಿದ. ತತ್ವ ಒಪ್ಪಿಗೆಯಾಯಿತು, ಮಿತಿಯನ್ನು ಮುಂದೆ ಕಾನೂನು ಮಾಡಿ ಗೊತ್ತುಪಡಿಸುವುದು ಎಂದು ಬರೆದರು. ಅದರ ಜೊತೆಗೆ ಇನ್ನೊಂದು ಸಾಲು ಸೇರಿಸಿದರು: ಈ ಮಿತಿ ಹಿಂದಿನ ಹಿಡುವಳಿಗೆ ಅನ್ವಯಿಸುವುದಿಲ್ಲ. ಅಂದರೆ ಈಗಾಗಲೇ ಹತ್ತಾರು ಹಳ್ಳಿ ಇಟ್ಟುಕೊಂಡವನು ಹಾಗೇ ಇಟ್ಟುಕೊಳ್ಳಬಹುದು. ಇಡೀ ಕಾನೂನಿನ ಹಲ್ಲು ಕೀಳಲು ಒಂದು ಸಾಲು ಸಾಕಾಯಿತು.

ಆದ್ದರಿಂದ ಆತ ಸಂಸತ್ತು ಬಿಟ್ಟು ಬಯಲಿಗೆ ಬಂದ. 1950ರಲ್ಲಿ ಅರಬ್ ಸಮಾಜವಾದಿ ಪಕ್ಷ ಕಟ್ಟಿದ. 1951ರ ಸೆಪ್ಟೆಂಬರಿನಲ್ಲಿ ಅಲೆಪ್ಪೊ ನಗರದಲ್ಲಿ ರೈತರ ದೊಡ್ಡ ಸಮಾವೇಶ. ಅರಬ್ ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು ಎನ್ನುತ್ತಾರೆ. ಒಕ್ಕಲಿನವರು ಹಳ್ಳಿ ಬಿಟ್ಟು ನಗರಕ್ಕೆ, ಅದೂ ಗುಂಪಾಗಿ, ಘೋಷಣೆ ಕೂಗುತ್ತಾ ಬರುವುದೆಂದರೆ ಧಣಿಗಳ ಎದೆ ನಡುಗುವ ಸಂಗತಿ. ಹಮಾದಲ್ಲಿ ಆ ದಿನಗಳಲ್ಲಿ ಓಡಾಡಿದ ಘೋಷಣೆಯ ತಾತ್ಪರ್ಯ ಹೀಗೆ: ಮಂಕರಿ ತನ್ನಿ, ಸಲಿಕೆ ತನ್ನಿ, ಆಗಾನನ್ನೂ ಬೇಗನನ್ನೂ ಹೂಳೋಣ ಬನ್ನಿ. ಆಗಾ, ಬೇಗ್ ಅಂದರೆ ಧಣಿಗಳ ಬಿರುದು. ಮಂಕರಿ ಸಲಿಕೆ ಎರಡೂ ಒಕ್ಕಲಿನವನ ಕೈಯಲ್ಲಿ ದಿನವೂ ಇದ್ದ ಸಾಮಾನು. ಘೋಷಣೆ ಬರೆದವನಿಗೆ ಹಳ್ಳಿ ಚೆನ್ನಾಗಿ ಗೊತ್ತಿತ್ತು.

ಶಿಶಕ್ಲಿಗೆ ಈ ಗದ್ದಲ ಹೆಚ್ಚು ದಿನ ಹಿಡಿಸಲಿಲ್ಲ. 1952ರ ಜನವರಿಯಲ್ಲಿ ಸರ್ಕಾರಿ ಭೂಮಿ ಹಂಚುವ ಆಜ್ಞೆ ಹೊರಡಿಸಿದ್ದು ನಿಜ, ಜಾರಿ ಮಾತ್ರ ಕುಂಟಿತು. ಏಪ್ರಿಲ್‌ನಲ್ಲಿ ಎಲ್ಲ ಪಕ್ಷಗಳನ್ನೂ ವಿಸರ್ಜಿಸಿದ. ಹೌರಾನಿ ಲೆಬನಾನಿಗೆ ತಪ್ಪಿಸಿಕೊಂಡ. ಅವನ ಹಾಗೆಯೇ ಓಡಿಬಂದ ಇನ್ನಿಬ್ಬರು ದಮಾಸ್ಕಸ್ಸಿನ ಮೇಷ್ಟ್ರುಗಳು, ಮಿಶೆಲ್ ಅಫ್ಲಾಕ್ ಮತ್ತು ಸಲಾಹ್ ಬೀತಾರ್. ಅರಬರೆಲ್ಲ ಒಂದಾಗಬೇಕೆನ್ನುವ ಬಾಥ್ ಪಕ್ಷವನ್ನು 1947ರಲ್ಲಿ ಕಟ್ಟಿದವರು. ಅವರ ಬಳಿ ಸಿದ್ಧಾಂತವಿತ್ತು, ವಿದ್ಯಾರ್ಥಿಗಳಿದ್ದರು. ಹೌರಾನಿಯ ಬಳಿ ಹಳ್ಳಿಗಳಿದ್ದವು, ಅಧಿಕಾರಿಗಳಿದ್ದರು. ಆ ಹೊತ್ತಿನಲ್ಲೇ ಎರಡೂ ಪಕ್ಷಗಳು ಸೇರಿ ಅರಬ್ ಸಮಾಜವಾದಿ ಬಾಥ್ ಪಕ್ಷವಾಯಿತು. ಲೆಬನಾನಿನಲ್ಲೂ ಇರಲು ಬಿಡದೆ ಮೂವರೂ ರೋಮಿಗೆ ಹೋಗಬೇಕಾಯಿತು. ಕಷ್ಟಕಾಲದ ಕೂಡಾವಳಿ ಇದು. ಅಫ್ಲಾಕ್‌ಗೆ ಹೌರಾನಿ ಬರೀ ಹಮಾದ ರಾಜಕಾರಣಿ, ಹೌರಾನಿಗೆ ಅಫ್ಲಾಕ್ ಬರೀ ಮಾತಿನ ಮನುಷ್ಯ. ಹತ್ತು ವರ್ಷ ಒಂದೇ ಪಕ್ಷದಲ್ಲಿದ್ದೂ ಈ ಅಭಿಪ್ರಾಯ ಬದಲಾಗಲಿಲ್ಲ.

1954ರ ಫೆಬ್ರವರಿ 25ರಂದು ಅಲೆಪ್ಪೊ ರೇಡಿಯೋದಲ್ಲಿ ಶಿಶಕ್ಲಿಯ ವಿರುದ್ಧ ಬಂಡಾಯ ಘೋಷಿಸಿದವನು ಕ್ಯಾಪ್ಟನ್ ಮುಸ್ತಫಾ ಹಮ್ದೂನ್. ಹೌದು, ಅದೇ ಹಮಾದ ಹುಡುಗ. ಶಿಶಕ್ಲಿ ಅಂದೇ ದೇಶ ಬಿಟ್ಟ. ಪಕ್ಕಕ್ಕೊಂದು ಮಾತು: ಅವನ ಕಥೆ ಮುಗಿದದ್ದು 1964ರಲ್ಲಿ ಬ್ರೆಜಿಲ್‌ನಲ್ಲಿ. ತನ್ನ ಆಡಳಿತದಲ್ಲಿ ದಕ್ಷಿಣ ಸಿರಿಯಾದ ದ್ರೂಸ್ ಎಂಬ ಧಾರ್ಮಿಕ ಪಂಗಡದವರ ಬೆಟ್ಟದ ಮೇಲೆ ಫಿರಂಗಿ ಹಾರಿಸಿದ್ದ. ಅದರ ಸೇಡಿಗೆ ಒಬ್ಬ ದ್ರೂಸ್ ಅಲ್ಲಿ ಅವನಿಗೆ ಗುಂಡು ಹೊಡೆದ.

1954ರ ಸೆಪ್ಟೆಂಬರ್ ಚುನಾವಣೆ ಸಿರಿಯಾ ಕಂಡ ಅತ್ಯಂತ ನ್ಯಾಯವಾದ ಚುನಾವಣೆ ಎಂದು ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. 142 ಸ್ಥಾನಗಳಲ್ಲಿ ಬಾಥ್‌ಗೆ ಸುಮಾರು 22. ಹಮಾದಲ್ಲಿ ಹೌರಾನಿಯ ಪಟ್ಟಿ ಗೆದ್ದಿತು. 22 ಎಂದರೆ ಬಹುಮತದ ಹತ್ತಿರವೂ ಇಲ್ಲ. ಆದರೆ ಉಳಿದವರೆಲ್ಲ ಒಡೆದುಹೋಗಿದ್ದರು, ಬಾಥ್‌ಗೆ ಸೈನ್ಯದೊಳಗೆ ಬೇರುಗಳಿದ್ದವು. 1955ರ ಏಪ್ರಿಲ್‌ನಲ್ಲಿ ಕರ್ನಲ್ ಅದ್ನಾನ್ ಮಾಲ್ಕಿಯನ್ನು ಸಿರಿಯನ್ ರಾಷ್ಟ್ರೀಯವಾದಿ ಪಕ್ಷದವನೊಬ್ಬ ಕೊಂದ ಮೇಲೆ ಆ ಪಕ್ಷವನ್ನು ಸೈನ್ಯದಿಂದಲೂ ರಾಜಕಾರಣದಿಂದಲೂ ಗುಡಿಸಿಹಾಕಿದರು. ಖಾಲಿಯಾದ ಜಾಗ ಬಾಥ್ ಅಧಿಕಾರಿಗಳದ್ದಾಯಿತು. 1957ರ ಅಕ್ಟೋಬರ್‌ನಲ್ಲಿ ಹೌರಾನಿ ಆವರೆಗೆ ಸಭಾಪತಿಯಾಗಿದ್ದ ನಾಝಿಮ್ ಕುದ್ಸಿಯನ್ನು ಸೋಲಿಸಿ ಸಂಸತ್ತಿನ ಸಭಾಪತಿಯಾದ. ಒಕ್ಕಲಿನವರ ವಕೀಲ ಆ ಕುರ್ಚಿಯಲ್ಲಿ!

ಇಷ್ಟು ಮೇಲೇರಿದವನು ತಾನೇ ಆ ಸಂಸತ್ತನ್ನು ಮುಚ್ಚಲು ಯಾಕೆ ಒಪ್ಪಿದ? ಸಭೆಯಲ್ಲಿ ಯಾರಾದರೂ ಕೇಳಲೇಬೇಕಾದ ಪ್ರಶ್ನೆ ಇದು. ಆಗ ಕಮ್ಯುನಿಸ್ಟರು ಬೆಳೆಯುತ್ತಿದ್ದರು. ಖಾಲಿದ್ ಬಕ್ದಾಶ್ ಸಂಸತ್ತಿನಲ್ಲಿದ್ದ, ಶ್ರೀಮಂತ ಮಂತ್ರಿ ಖಾಲಿದ್ ಅಝ್ಮ್ ಸೋವಿಯತ್ ಜೊತೆ ಕೈಕುಲುಕಿ ಬಂದಿದ್ದ, ಸೇನಾ ಮುಖ್ಯಸ್ಥ ಅಫೀಫ್ ಬಿಝ್ರಿ ಕಮ್ಯುನಿಸ್ಟರ ಕಡೆಯವನೆಂದು ಹೆಸರಾಗಿತ್ತು. ಬಾಥ್ ಮುಖಂಡರಿಗೆ ದಿಗಿಲು ಹತ್ತಿತು. 1958ರ ಜನವರಿಯಲ್ಲಿ ಅಧಿಕಾರಿಗಳ ಗುಂಪೊಂದು ಸರ್ಕಾರವನ್ನೂ ಕೇಳದೆ ವಿಮಾನ ಹತ್ತಿ ಕೈರೋಗೆ ಹೋಗಿ ಒಕ್ಕೂಟ ಕೇಳಿತು. ನಾಸರ್ ಷರತ್ತು ಹಾಕಿದ: ಸಡಿಲ ಒಕ್ಕೂಟವಾಗದು, ಒಂದೇ ರಾಜ್ಯವಾಗಬೇಕು, ಪಕ್ಷಗಳೆಲ್ಲ ವಿಸರ್ಜನೆ, ಸೈನ್ಯ ರಾಜಕೀಯ ಬಿಡಬೇಕು. ಬಾಥ್ ನಾಯಕರು ಒಪ್ಪಿದರು. ಪಕ್ಷ ಹೋದರೇನು, ಸಿರಿಯಾ ನಡೆಸಲು ನಾಸರ್‌ಗೆ ನಾವೇ ಬೇಕು ಎಂಬ ಲೆಕ್ಕ. ಅವರ ಇಡೀ ರಾಜಕಾರಣದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಲೆಕ್ಕ ಇಲ್ಲ ಎಂಬುದು ನನ್ನ ಅಭಿಪ್ರಾಯ. ಫೆಬ್ರವರಿ 1ಕ್ಕೆ ಸಂಯುಕ್ತ ಅರಬ್ ಗಣರಾಜ್ಯ ಘೋಷಣೆಯಾಯಿತು. ಮಾರ್ಚ್‌ನಲ್ಲಿ ನಾಲ್ವರು ಉಪಾಧ್ಯಕ್ಷರು, ಅವರಲ್ಲಿ ಹೌರಾನಿ ಒಬ್ಬ. ಹುದ್ದೆ ದೊಡ್ಡದು, ಕಚೇರಿ ಕೈರೋದಲ್ಲಿ. ಸಿರಿಯಾದಲ್ಲಿ ನಿಜವಾದ ಅಧಿಕಾರ ಗೃಹ ಮಂತ್ರಿ, ಗುಪ್ತಚರ ಅಧಿಕಾರಿ ಅಬ್ದುಲ್ ಹಮೀದ್ ಸರ್ರಾಜ್‌ನದು. ಹಮಾದಿಂದ ಹೌರಾನಿಯನ್ನು ದೂರವಿಡಲು ಸೆರೆಮನೆ ಬೇಕಾಗಲಿಲ್ಲ, ಬಡ್ತಿಯೇ ಸಾಕಾಯಿತು.

ಆದರೂ ಜೀವನವಿಡೀ ಕೇಳಿದ್ದ ಕಾನೂನು ಬಂದದ್ದು ಆಗಲೇ. 1958ರ ಸೆಪ್ಟೆಂಬರಿನ 161ನೇ ಕಾನೂನು. ಜಾರಿ ಮಾಡುವ ಮಂತ್ರಿ ಮುಸ್ತಫಾ ಹಮ್ದೂನ್. ಇಲ್ಲಿ ಸ್ವಲ್ಪ ನಿಲ್ಲೋಣ, ಅಂಕಿಗಳನ್ನು ನೋಡಬೇಕು. ಒಬ್ಬ ಒಡೆಯ ನೀರಾವರಿ ಭೂಮಿ 80 ಹೆಕ್ಟೇರ್ ಇಟ್ಟುಕೊಳ್ಳಬಹುದು, ನಮ್ಮ ಲೆಕ್ಕದಲ್ಲಿ ಸುಮಾರು 200 ಎಕರೆ. ಖುಷ್ಕಿಯಾದರೆ 300 ಹೆಕ್ಟೇರ್, ಸುಮಾರು 740 ಎಕರೆ. ಹೆಂಡತಿ ಮಕ್ಕಳ ಹೆಸರಿಗೆ ಮತ್ತಷ್ಟು. ಹೆಚ್ಚುವರಿಯನ್ನು ಒಕ್ಕಲು ಕುಟುಂಬಗಳಿಗೆ ತಲಾ 8 ಹೆಕ್ಟೇರ್ ನೀರಾವರಿ ಅಥವಾ 30 ಹೆಕ್ಟೇರ್ ಖುಷ್ಕಿ ಮೀರದಂತೆ ಹಂಚಬೇಕು. ಒಡೆಯನಿಗೆ ವಾರ್ಷಿಕ ಗೇಣಿಯ ಹತ್ತುಪಟ್ಟು ಪರಿಹಾರ, ನಗದಲ್ಲ, ನಲವತ್ತು ವರ್ಷದ ಸರ್ಕಾರಿ ಬಾಂಡು, ಬಡ್ಡಿ ಶೇ. 1.5.

ಕಾಗದದ ಮೇಲೆ ಚೆನ್ನಾಗಿದೆ, ಅಲ್ಲವೇ? ಕೆಟ್ಟದ್ದು ಎಲ್ಲಿ ಅಂದರೆ, ಇದನ್ನು ಈಜಿಪ್ಟಿನ ಅಚ್ಚಿನಲ್ಲಿ ಎರಕ ಹೊಯ್ದಿದ್ದರು. ಈಜಿಪ್ಟಿನಲ್ಲಿ ಸಾಗುವಳಿಯೆಲ್ಲ ನೈಲ್ ನೀರಿನದ್ದು, ಎಕರೆಗೆ ಎಕರೆ ಹೆಚ್ಚುಕಡಿಮೆ ಸಮ. ಸಿರಿಯಾದಲ್ಲಿ ಹಾಗಿಲ್ಲ. ಪಶ್ಚಿಮದಲ್ಲಿ 500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ 300 ಹೆಕ್ಟೇರ್ ಇದ್ದವನು ದೊಡ್ಡ ಧಣಿ. ಪೂರ್ವದ ಜಝೀರಾ ಬಯಲಿನಲ್ಲಿ 250 ಮಿ.ಮೀ. ಬಂದರೆ ಬಂತು ಎನ್ನುವ ಕಡೆ ಅಷ್ಟೇ 300 ಹೆಕ್ಟೇರ್ ಇಟ್ಟುಕೊಂಡು ಟ್ರ್ಯಾಕ್ಟರ್ ಸಾಲ ತೀರಿಸುವವನ ಕಥೆ ಬೇರೆ. ಕಾನೂನು ಇಬ್ಬರನ್ನೂ ಒಂದೇ ಕೋಲಿನಲ್ಲಿ ಅಳೆಯಿತು.

ಎರಡನೆಯ ತೊಡಕು ಇನ್ನೂ ಆಳದ್ದು. ಮುರಾಬಿಗೆ ಬೀಜ ಕೊಡುತ್ತಿದ್ದವನು ಯಾರು? ಧಣಿ. ಚಳಿಗಾಲದ ಕಾಳು, ಎತ್ತು, ಕಾಯಿಲೆಗೆ ನಾಲ್ಕು ಕಾಸು, ಎಲ್ಲ ಅವನಿಂದಲೇ, ಬಡ್ಡಿ ಸಮೇತ. ಧಣಿಯಿಂದ ಭೂಮಿ ಕಿತ್ತುಕೊಂಡ ದಿನ ಆ ಮುಂಗಡವೂ ನಿಂತುಹೋಯಿತು. ಅದರ ಜಾಗದಲ್ಲಿ ಸಹಕಾರ ಸಂಘ, ಕೃಷಿ ಬ್ಯಾಂಕು ಬರಬೇಕಿತ್ತು. ಸಂಘ ನಡೆಸುವ ಸಿಬ್ಬಂದಿ ಸಾಕಷ್ಟಿರಲಿಲ್ಲ, ಬ್ಯಾಂಕಿನಲ್ಲಿ ದುಡ್ಡು ಕಡಿಮೆ. ಮುಟ್ಟುಗೋಲು ಮುಂದೆ ಓಡಿತು, ಹಂಚಿಕೆ ಹಿಂದೆ ಬಿತ್ತು. ವಶಪಡಿಸಿಕೊಂಡ ಎಷ್ಟೋ ಹೊಲಗಳನ್ನು ಸರ್ಕಾರವೇ ಗೇಣಿಗೆ ಕೊಟ್ಟುಕೊಂಡು ಕೂತಿತು. ಧಣಿ ಹೋದ, ಗೇಣಿ ಉಳಿಯಿತು! ಸಾಲದ್ದಕ್ಕೆ 1958ರಿಂದ 1961ರವರೆಗೆ ಸಾಲು ಸಾಲು ಬರಗಾಲ. ಬೆಳೆ ಹಾಳಾದದ್ದು ಮಳೆಯಿಂದ, ಹೆಸರು ಕೆಟ್ಟದ್ದು ಕಾನೂನಿನದು. ಭೂಮಿ ಕಳೆದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ವಾದ ಬೇಕಿರಲಿಲ್ಲ.

ಇತ್ತ ಪಕ್ಷವಿಲ್ಲದ ಬಾಥ್ ಜನ ಒಬ್ಬೊಬ್ಬರಾಗಿ ಮೂಲೆಗೆ ಸರಿದರು. ಪಕ್ಷಗಳ ಬದಲಿಗೆ ನಾಸರ್ ಕಟ್ಟಿದ ನ್ಯಾಷನಲ್ ಯೂನಿಯನ್ ಎಂಬ ಸಂಘಟನೆಯ 1959ರ ಚುನಾವಣೆಯಲ್ಲಿ ಬಾಥ್ ಕಡೆಯವರು ನೆಲಕಚ್ಚಿದರು. ಅಕ್ಟೋಬರಿನಲ್ಲಿ ನಾಸರ್ ತನ್ನ ಆಪ್ತ ಅಬ್ದುಲ್ ಹಕೀಮ್ ಅಮೀರ್‌ನನ್ನು ಸಿರಿಯಾದ ಮೇಲ್ವಿಚಾರಣೆಗೆ ಕಳಿಸಿದ. ಡಿಸೆಂಬರಿನಲ್ಲಿ ಹೌರಾನಿ, ಬೀತಾರ್, ಹಮ್ದೂನ್, ಕನ್ನೂತ್ ರಾಜೀನಾಮೆ ಕೊಟ್ಟರು.

1961ರ ಸೆಪ್ಟೆಂಬರ್ 28ಕ್ಕೆ ದಮಾಸ್ಕಸ್ಸಿನ ಅಧಿಕಾರಿಗಳು ದಂಗೆ ಎದ್ದು ಒಕ್ಕೂಟ ಮುರಿದರು. ನಾಲ್ಕೇ ದಿನಕ್ಕೆ, ಅಕ್ಟೋಬರ್ 2ರಂದು, ಈ ಬೇರ್ಪಡೆಯನ್ನು ಬೆಂಬಲಿಸಿ ರಾಜಕಾರಣಿಗಳ ಹೇಳಿಕೆಯೊಂದು ಹೊರಬಿತ್ತು. ಅದರಲ್ಲಿ ಹೌರಾನಿಯ ಸಹಿ ಇತ್ತು, ಬೀತಾರ್ ಸಹಿಯೂ ಇತ್ತು. ಬೀತಾರ್ ಆಮೇಲೆ ಕೈ ತೊಳೆದುಕೊಂಡ. ಹೌರಾನಿ ಮಾತ್ರ ಹಿಂದೆ ಸರಿಯಲಿಲ್ಲ, ನಾಸರ್‌ನನ್ನು ಹೆಸರಿಟ್ಟೇ ಬೈದ. ಅರಬ್ ಏಕತೆಯೇ ಮಂತ್ರವಾಗಿದ್ದ ಕಾಲದಲ್ಲಿ ಇದು ಅವನಿಗೆ ಅಂಟಿದ ಕಳಂಕ. ಹೊಸ ಸರ್ಕಾರದಲ್ಲಿ ಯಾರು ಮೇಲೆ ಬಂದರು ಎಂಬುದೂ ಮುಖ್ಯ: 1962ರ ಆರಂಭದಲ್ಲಿ ಭೂಮಿತಿಯನ್ನು ಮತ್ತೆ ಹಿಗ್ಗಿಸಿದರು. ಮಾರ್ಚ್ 28ರ ಇನ್ನೊಂದು ದಂಗೆಯ ಬಳಿಕ ಅದನ್ನು ರದ್ದು ಮಾಡಬೇಕಾಯಿತು. ಅದೇ ವರ್ಷ ಅಫ್ಲಾಕ್ ಪಕ್ಷವನ್ನು ಮತ್ತೆ ಕಟ್ಟಿದಾಗ ಹೌರಾನಿ ಹೊರಗಿದ್ದ.

1963ರ ಮಾರ್ಚ್ 8ರ ದಂಗೆ ಬಾಥ್ ಹೆಸರಿನಲ್ಲೇ ನಡೆಯಿತು. ನಡೆಸಿದವರು ಹೋಮ್ಸ್ ಅಕಾಡೆಮಿಯಿಂದ ಬಂದ ಹಳ್ಳಿ ಹುಡುಗರು, ಅಂದರೆ ಹೌರಾನಿ ಯಾವ ವರ್ಗದ ಪರ ಮಾತಾಡಿದ್ದನೋ ಆ ವರ್ಗದವರು. ಬೇರ್ಪಡೆಯನ್ನು ಬೆಂಬಲಿಸಿದ ಹಲವರ ನಾಗರಿಕ ಹಕ್ಕು ಕಿತ್ತುಕೊಂಡರು, ಹೌರಾನಿಯೂ ಆ ಪಟ್ಟಿಯಲ್ಲಿದ್ದ. ಬಂಧನವಾಯಿತು, ಆಮೇಲೆ ದೇಶ ಬಿಟ್ಟ. ಅದೇ ವರ್ಷದ ಜೂನ್‌ನಲ್ಲಿ ಹೊಸ ಆಡಳಿತ ಭೂಸುಧಾರಣೆಯ ತಿದ್ದುಪಡಿ ತಂದಿತು. ನೀರಾವರಿಗೆ ಮಿತಿ 15ರಿಂದ 50 ಹೆಕ್ಟೇರ್, ಖುಷ್ಕಿಗೆ 80ರಿಂದ 300, ಮಳೆ ಮತ್ತು ಪ್ರದೇಶ ನೋಡಿಕೊಂಡು. 1958ರ ಕಾನೂನಿನ ದೊಡ್ಡ ದೋಷವನ್ನು ತಿದ್ದಿದ್ದು ಇದು. ರೈತ ಕಟ್ಟಬೇಕಾದ ಕಂತನ್ನೂ ಇಳಿಸಿದರು. ಹಮಾದ ಧಣಿಗಳ ಬೆನ್ನು ಮುರಿದದ್ದು ಆಗ, ಹೌರಾನಿ ಇಲ್ಲದಾಗ.

ಮುಂದಿನ ಮೂವತ್ತು ವರ್ಷ ಲೆಬನಾನ್, ಇರಾಕ್, ಕೊನೆಗೆ ಜೋರ್ಡಾನ್. 1982ರ ಫೆಬ್ರವರಿಯಲ್ಲಿ ಹಾಫಿಝ್ ಅಸಾದ್‌ನ ಪಡೆಗಳು ಹಮಾವನ್ನು ಧ್ವಂಸ ಮಾಡಿದವು. ಮಾರ್ಚ್‌ನಲ್ಲಿ ವಿರೋಧಿಗಳೆಲ್ಲ ಸೇರಿ ಕಟ್ಟಿದ ರಾಷ್ಟ್ರೀಯ ಮೈತ್ರಿಕೂಟದಲ್ಲಿ ಇಸ್ಲಾಮಿ ಸಂಘಟನೆಯಾದ ಮುಸ್ಲಿಂ ಬ್ರದರ್‌ಹುಡ್ ಇತ್ತು, ಇರಾಕ್ ಪರ ಬಾಥಿಗಳಿದ್ದರು, ಹೌರಾನಿಯೂ ಇದ್ದ. ಹಮಾದಲ್ಲಿ ಐವತ್ತರ ದಶಕದಲ್ಲಿ ಅವನ ವಿರುದ್ಧ ನಿಂತವರಲ್ಲಿ ಬ್ರದರ್‌ಹುಡ್ ಕೂಡ ಒಂದು ಎಂಬುದು ಗೊತ್ತಿದ್ದವರಿಗೆ ಆ ಪಟ್ಟಿ ಓದಲು ವಿಚಿತ್ರ ಅನಿಸುತ್ತದೆ. ಆ ಕೂಟದಿಂದ ಏನೂ ಆಗಲಿಲ್ಲ. 1996ರ ಫೆಬ್ರವರಿಯಲ್ಲಿ ಅಮ್ಮಾನ್‌ನಲ್ಲಿ ತೀರಿಕೊಂಡ.

ಅವನ ಆತ್ಮಕಥನ ಸಾವಿನ ನಂತರ ಕೈರೋದಲ್ಲಿ ನಾಲ್ಕು ಸಂಪುಟಗಳಲ್ಲಿ ಅಚ್ಚಾಗಿದೆ. ಅರೇಬಿಕ್ ಬಲ್ಲವರು ಓದುವುದಾದರೆ ಮೊದಲ ಸಂಪುಟಗಳ ಹಮಾ ಭಾಗವನ್ನು ನಿಧಾನವಾಗಿ ಓದಿ, ಹಳ್ಳಿ, ಮನೆತನ, ಮತಗಟ್ಟೆ ಎಲ್ಲ ಅಲ್ಲಿವೆ. ನಾಸರ್ ಬಂದ ಮೇಲಿನ ಪುಟಗಳನ್ನು ಓದುವಾಗ ಪಕ್ಕದಲ್ಲಿ ಇನ್ನೊಬ್ಬರ ಬರಹ ಇಟ್ಟುಕೊಳ್ಳಿ. ಅಲ್ಲಿ ಬರೆಯುತ್ತಿರುವವನು ವಕೀಲ, ತನ್ನದೇ ಕೇಸು ವಾದಿಸುತ್ತಿದ್ದಾನೆ.